ಅಡಿಕೆ ವಖಾರಿಯ ಸಣ್ಣ ಆ್ಯಪ್ ಎಲ್ಲಿಡೋದು? ವಿಪಿಎಸ್ (ಬಾಡಿಗೆ ಸರ್ವರ್) ಬೇಕಾ, ಹಳೇ ಲ್ಯಾಪ್‌ಟಾಪ್ ಸಾಕಾ?

ಬೆಟ್ಟದಮನೆ, ಶಿರಸಿ
ಮಾವನ ಅಡಿಕೆ ವಖಾರಿಗೆ ಜಾಂಗೊದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಒಂದು ಆ್ಯಪ್ ಬರೆದಿದ್ದೇನೆ. ಯಾರು ಎಷ್ಟು ಚೀಲ ತಂದರು, ಯಾವ ಬಗೆ, ರಾಶಿಯೋ ಚಾಲಿಯೋ ಬೆಟ್ಟೆಯೋ, ತೂಕ ಎಷ್ಟು, ದುಡ್ಡೆಷ್ಟು, ಇಷ್ಟೇ. ಬಳಸುವವರು ಐದು ಜನ, ಸೀಸನ್‌ನಲ್ಲೂ ದಿನಕ್ಕೆ ಅರವತ್ತು ಚೀಟಿ ದಾಟುವುದಿಲ್ಲ. ಒಂದು ಫ್ರೀ ಹೋಸ್ಟಿಂಗ್‌ನಲ್ಲಿ ಎಸ್‌ಕ್ಯೂಲೈಟ್ (ಒಂದೇ ಫೈಲ್‌ನಲ್ಲಿರುವ ಡೇಟಾಬೇಸ್) ಜೊತೆ ಹಾಕಿದ್ದೆ. ಮೊದಲ ದಿನವೇ ಸಂಜೆ ಒಂದು ಕಾಗುಣಿತ ತಿದ್ದಿ ಮತ್ತೆ ಡಿಪ್ಲಾಯ್ ಮಾಡಿದೆ (ಸರ್ವರ್‌ಗೆ ಏರಿಸಿದೆ) ನೋಡಿ, ಬೆಳಗಿನಿಂದ ಹಾಕಿದ ಲೆಕ್ಕವೆಲ್ಲ ಮಾಯ. ಪುಣ್ಯಕ್ಕೆ ಮಾವ ಪುಸ್ತಕದಲ್ಲೂ ಬರೆದಿದ್ದರು, ರಾತ್ರಿ ಕೂತು ಇಬ್ಬರೂ ಮತ್ತೆ ಟೈಪ್ ಮಾಡಿದೆವು. ಈಗ ವಿಪಿಎಸ್ ತಗೊಳ್ಳಲಾ, ಹಳೇ ಲ್ಯಾಪ್‌ಟಾಪನ್ನೇ ವಖಾರಿಯಲ್ಲಿ ಸರ್ವರ್ ಮಾಡಲಾ? ಪೋಸ್ಟ್‌ಗ್ರೆಸ್‌ನಂಥ ದೊಡ್ಡ ಡೇಟಾಬೇಸ್ ಬೇಕೇ ಬೇಕಾ?

ಕಾಳಿ ಸೇತುವೆ, ಕಾರವಾರ
ಇದರಲ್ಲಿ ಎಸ್‌ಕ್ಯೂಲೈಟ್ ತಪ್ಪೇನಿಲ್ಲ. ಅಂಥ ಫ್ರೀ ಹೋಸ್ಟಿಂಗ್‌ನಲ್ಲಿ ಡಿಸ್ಕ್ ತಾತ್ಕಾಲಿಕ. ಡಿಪ್ಲಾಯ್ ಆದಾಗ ಹೊಸ ಕಂಟೇನರ್ (ಆ್ಯಪ್ ನಡೆಯುವ ಪ್ರತ್ಯೇಕ ಡಬ್ಬಿ) ಬರುತ್ತದೆ, ಹಳೆಯದರಲ್ಲಿ ಬರೆದ ಫೈಲ್ ಅದರ ಜೊತೆಗೇ ಹೋಗುತ್ತದೆ. 1 ಜಿಬಿ ರ್‍ಯಾಮ್ ಇರುವ ಸಣ್ಣ ವಿಪಿಎಸ್ ಸಾಕು, ಮುಂಬೈ ಅಥವಾ ಬೆಂಗಳೂರಿನ ಸರ್ವರ್ ಆರಿಸಿ. ಪೋಸ್ಟ್‌ಗ್ರೆಸ್ ಸದ್ಯಕ್ಕೆ ಬೇಡ, ನೋಡಿಕೊಳ್ಳುವ ಕೆಲಸ ಸುಮ್ನೆ ಜಾಸ್ತಿ ಆಗುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ವಾಲ್ ಮೋಡ್ (ಬದಲಾವಣೆಯನ್ನು ಮೊದಲು ಬೇರೆ ಫೈಲ್‌ನಲ್ಲಿ ಬರೆಯುವ ವಿಧಾನ) ಹಾಕಿ. ಒಬ್ಬರು ಬರೆಯುವಾಗ ಉಳಿದವರು ಓದಬಹುದು. ಒಂದು ಹೊತ್ತಿಗೆ ಬರೆಯುವುದು ಒಬ್ಬರೇ, ಆದರೆ ದಿನಕ್ಕೆ ಅರವತ್ತು ಚೀಟಿಗೆ ಅದು ಲೆಕ್ಕಕ್ಕೇ ಇಲ್ಲ. ಆ್ಯಪ್‌ನ ಮುಂದೆ ಕ್ಯಾಡಿ ಎಂಬ ವೆಬ್ ಸರ್ವರ್ ಇಟ್ಟರೆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತಾನೇ ತರುತ್ತದೆ, ಅವಧಿ ಮುಗಿಯುವ ಮೊದಲು ತಾನೇ ಹೊಸದು ಮಾಡಿಸುತ್ತದೆ.

ಶರಾವತಿ ದಂಡೆ, ಹೊನ್ನಾವರ
ಲ್ಯಾಪ್‌ಟಾಪ್ ಬೇಡವೇ ಬೇಡ. ನಾನು ಎರಡು ಮಳೆಗಾಲ ಮನೆಯಲ್ಲೇ ಸರ್ವರ್ ಇಟ್ಟು ನೋಡಿದವನು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ ನಿಜ, ಆದರೆ ರೌಟರ್ ಆಫ್ ಆಗಿರುತ್ತದೆ ಅಲ್ವಾ? ಮರ ಬಿದ್ದು ಲೈನ್ ಹರಿದರೆ ಎರಡು ದಿನ ಕಾಯಬೇಕು. ಎಷ್ಟೋ ಕನೆಕ್ಷನ್‌ಗಳಲ್ಲಿ ನಮ್ಮದೇ ಪಬ್ಲಿಕ್ ಐಪಿಯೂ (ಹೊರಗಿನಿಂದ ತಲುಪುವ ವಿಳಾಸ) ಸಿಗುವುದಿಲ್ಲ, ಹೊರಗಿನಿಂದ ತೆರೆಯಲು ಟನಲ್ (ಮಧ್ಯದ ಸರ್ವರ್ ಮೂಲಕ ದಾರಿ) ಬೇಕಾಗುತ್ತದೆ.

ಅದಕ್ಕಿಂತ ಮುಖ್ಯ ಬ್ಯಾಕಪ್. ಆ್ಯಪ್ ನಡೆಯುತ್ತಿರುವಾಗ ಡೇಟಾಬೇಸ್ ಫೈಲನ್ನು ಹಾಗೇ ಕಾಪಿ ಮಾಡಬೇಡಿ, ಅರ್ಧಂಬರ್ಧ ಬರೆದದ್ದು ಬರಬಹುದು. ಎಸ್‌ಕ್ಯೂಲೈಟ್‌ನದ್ದೇ ಬ್ಯಾಕಪ್ ಆಜ್ಞೆ ಇದೆ, ಅದನ್ನು ಕ್ರಾನ್‌ನಲ್ಲಿ (ಗೊತ್ತುಮಾಡಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ಸೌಲಭ್ಯ) ರಾತ್ರಿ ಓಡಿಸಿ, ಫೈಲನ್ನು ಬೇರೆ ಜಾಗಕ್ಕೆ ಕಳಿಸಿ. ಅದೇ ಸರ್ವರ್‌ನಲ್ಲಿ ಬಿದ್ದಿರುವ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ತಿಂಗಳಿಗೊಮ್ಮೆ ಅದನ್ನು ತೆರೆದು ಲೆಕ್ಕ ಕೂಡಿ ನೋಡಿ.

ಬೆಟ್ಟದಮನೆ, ಶಿರಸಿ
ವಿಪಿಎಸ್ ತಗೊಂಡು ಹಾಕಿದೆ, ತುಂಬಾ ಥ್ಯಾಂಕ್ಸ್. ನಿನ್ನೆಯ ಬ್ಯಾಕಪ್ ಲ್ಯಾಪ್‌ಟಾಪ್‌ನಲ್ಲಿ ತೆರೆದು ಮಾವನ ಪುಸ್ತಕದ ಜೊತೆ ತಾಳೆ ನೋಡಿದೆ. 62 ಕೆಜಿ ಹೆಚ್ಚು ಬಂತು. ಹುಡುಕಿದರೆ ಒಂದು ಚೀಟಿ ಎರಡು ಸಲ ಸೇವ್ ಆಗಿದೆ. ನೆಟ್ ನಿಧಾನ ಇತ್ತಂತೆ, ಹುಡುಗ ಬಟನ್ ಎರಡು ಸಲ ಒತ್ತಿದ್ದಾನೆ.

ಕಾಳಿ ಸೇತುವೆ, ಕಾರವಾರ
ಬಟನ್ ಒತ್ತಿದ ಕೂಡಲೇ ಅದನ್ನು ನಿಷ್ಕ್ರಿಯ ಮಾಡಿ, ಆದರೆ ಅದೊಂದನ್ನೇ ನಂಬಬೇಡಿ. ಚೀಟಿ ನಂಬರ್ ಕಾಲಂಗೆ ಡೇಟಾಬೇಸ್‌ನಲ್ಲೇ ಯುನೀಕ್ (ಒಂದೇ ನಂಬರ್ ಎರಡು ಸಲ ಬಾರದಂತೆ ತಡೆಯುವ ನಿಯಮ) ಹಾಕಿ. ನಂಬರ್ ಪ್ರತಿ ಸೀಸನ್ ಒಂದರಿಂದ ಶುರುವಾಗುವುದಾದರೆ ಆ ಸೀಸನ್ನಿನ ವರ್ಷವನ್ನೂ ಸೇರಿಸಿ ಹಾಕಿ.