ಮೂರು ವರ್ಷದ ಮಗನ ಹಲ್ಲು ಕಂದಾಗಿದೆ, ಪೇಸ್ಟ್ ಕಾರಣವಾ?

ಸುಮಾ: ಮಗನಿಗೆ 3 ವರ್ಷ. ಮೇಲಿನ ಮುಂದಿನ ನಾಲ್ಕು ಹಲ್ಲುಗಳಲ್ಲಿ, ವಸಡಿನ ಅಂಚಿಗೆ, ಮೊದಲು ಸುಣ್ಣ ಬಳಿದಂತೆ ಬಿಳಿ ಗೆರೆ ಇತ್ತು. ಈಗ ಕಂದಾಗಿದೆ. ಕೆಳಗಿನ ಹಲ್ಲು ಚೆನ್ನಾಗಿವೆ. ಫ್ಲೋರೈಡ್ ಪೇಸ್ಟ್‌ನಿಂದಲೇ ಅಂತಾರೆ ಮನೆಯಲ್ಲಿ. ನಿಲ್ಲಿಸಲಾ?

ರಾಘು: ನಿಲ್ಲಿಸಿಬಿಡಿ ಮೇಡಂ. ಫ್ಲೋರೈಡ್ ಜಾಸ್ತಿಯಾದರೆ ಹಲ್ಲು ಕಂದಾಗುತ್ತದೆ.

ದಂತವೈದ್ಯೆ: ದಯವಿಟ್ಟು ನಿಲ್ಲಿಸಬೇಡಿ. ಫ್ಲೋರೈಡ್‌ನ ಕಲೆ ಮೂಡುವುದು ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುತ್ತಿರುವಾಗ. ಹೊರಗೆ ಬಂದ ಹಲ್ಲಿಗೆ ಅದು ಹೊಸದಾಗಿ ಬರುವುದಿಲ್ಲ. ನೀವು ಹೇಳಿದ್ದು ಹುಳುಕಿನ ಲಕ್ಷಣದಂತಿದೆ. ರಾತ್ರಿ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಾನಾ? ಕೆಳಗಿನ ಮುಂದಿನ ಹಲ್ಲಿಗೆ ನಾಲಿಗೆ ಅಡ್ಡ ಇರುತ್ತದೆ, ಜೊಲ್ಲೂ ಚೆನ್ನಾಗಿ ಸಿಗುತ್ತದೆ. ಹಾಗಾಗಿ ಮೇಲಿನವು ಮೊದಲು ಕೆಡುತ್ತವೆ.

ಸುಮಾ: ಹೌದು ಡಾಕ್ಟರೇ, ಸಕ್ಕರೆ ಹಾಕಿದ ಹಾಲು.

ರಾಘು: ಹಾಗಾದ್ರೆ ನೀರಿನ ಫ್ಲೋರೈಡ್‌ನಿಂದ ಹಲ್ಲು ಕೆಡೋದು ಸುಳ್ಳಾ?

ದಂತವೈದ್ಯೆ: ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಇಟ್ಟಿರುವುದು ಅದಕ್ಕೇ. ಆದರೆ ಆ ಕಲೆ ಎಡಕ್ಕೂ ಬಲಕ್ಕೂ ಸಾಮಾನ್ಯವಾಗಿ ಒಂದೇ ರೀತಿ ಇರುತ್ತದೆ, ಹೆಚ್ಚಾಗಿ ಶಾಶ್ವತ ಹಲ್ಲುಗಳಲ್ಲಿ ಕಾಣುತ್ತದೆ.

ಅನು: ನನ್ನ ಮಗಳಿಗೆ ಒಂದೇ ಹಲ್ಲು ಬೂದು ಬಣ್ಣ. ಬಿದ್ದು ಪೆಟ್ಟಾಗಿತ್ತು. ಒಳಗೆ ರಕ್ತ ಸೋರಿದೆ ಅಂದರು. ಕೀವು ತುಂಬಿದರೆ ಕೆಳಗಿರುವ ಶಾಶ್ವತ ಹಲ್ಲಿನ ಮೇಲೂ ಗುರುತು ಬೀಳಬಹುದಂತೆ. ನೋವಿಲ್ಲ ಅಂತ ಸುಮ್ನೆ ಬಿಡಬೇಡಿ.

ಮಂಜು: ಆಂಟಿಬಯಾಟಿಕ್‌ನಿಂದಲೂ ಆಗುತ್ತೆ ಅಲ್ವಾ?

ದಂತವೈದ್ಯೆ: ಎಲ್ಲದರಿಂದ ಅಲ್ಲ. ಹೆಸರುವಾಸಿ ಟೆಟ್ರಾಸೈಕ್ಲಿನ್. ಗರ್ಭದ ಕೊನೆಯ ತಿಂಗಳುಗಳಲ್ಲೋ 8 ವರ್ಷದೊಳಗೋ ಕೊಟ್ಟರೆ ಬಣ್ಣ ಹಲ್ಲಿನೊಳಗೇ ಸೇರುತ್ತದೆ. ಕಬ್ಬಿಣಾಂಶದ ಹನಿ ಔಷಧಿಯಿಂದಾಗುವ ಕಪ್ಪು ಮಾತ್ರ ಮೇಲ್ಮೈಯದು, ಕ್ಲೀನ್ ಮಾಡಿದರೆ ಹೋಗುತ್ತದೆ.

ಗೀತಾ: ನನ್ನ ಮಗನಿಗೆ 6ನೇ ವರ್ಷದ ಹೊತ್ತಿಗೆ ಹುಟ್ಟುವ ದವಡೆ ಹಲ್ಲು ಬರುವಾಗಲೇ ಹಳದಿ ಮಚ್ಚೆ, ಕಚ್ಚಿದರೆ ಪುಡಿ. ಉಜ್ಜಿಲ್ಲ ಅಂತ ಎಲ್ಲರೂ ಬೈತಾರೆ.

ದಂತವೈದ್ಯೆ: ಬೈಯುವುದು ಅನ್ಯಾಯ. ಆ ಹಲ್ಲಿನ ಎನಾಮೆಲ್, ಅಂದರೆ ಹೊರಗಿನ ಗಟ್ಟಿ ಪದರ, ಮಗು ಹುಟ್ಟಿದ ಹೊತ್ತಿನಿಂದ ಸುಮಾರು 3 ವರ್ಷದವರೆಗೆ ಕಟ್ಟಿಕೊಳ್ಳುತ್ತದೆ. ಆಗ ಬಂದ ಜೋರು ಜ್ವರ, ಕಾಯಿಲೆಗಳಿಗೆ ನಂಟಿರಬಹುದು. ಅವಧಿಗೆ ಮುನ್ನ ಹುಟ್ಟಿದವರ ಹಾಲುಹಲ್ಲಲ್ಲೂ ಎನಾಮೆಲ್ ತೆಳುವಾಗಿರಬಹುದು. ಎಲ್ಲ ಹಲ್ಲೂ ಹೀಗಿದ್ದು, ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ವಂಶದಿಂದ ಬಂದಿರಬಹುದು.

ರಾಘು: ಸರಿ, ಆದರೆ ಮಗು ಪೇಸ್ಟ್ ನುಂಗುತ್ತದಲ್ಲ?

ದಂತವೈದ್ಯೆ: ಅದಕ್ಕೇ 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಸುಮಾ ಅವರೇ, ರಾತ್ರಿಯ ಬಾಟಲಿ ಇವತ್ತೇ ಬಿಡಿಸಿ, ಈ ವಾರವೇ ಹಲ್ಲು ತೋರಿಸಿ.