ಹಳ್ಳಿಯ ಸೇವೆಗೆ ಕೊಡುವ ಅಂಕ: ಕೋರ್ಟ್ ಒಪ್ಪುತ್ತದೆಯೋ, ತಳ್ಳಿಹಾಕುತ್ತದೆಯೋ?

ಪ್ರಶ್ನೆ: ಹುನಗುಂದದವ

ನನ್ನ ಮಗಳು ಮೂರು ವರ್ಷಗಳಿಂದ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಸರ್ಕಾರಿ ವೈದ್ಯೆಯಾಗಿದ್ದು, ಸ್ನಾತಕೋತ್ತರ ಸೀಟಿಗಾಗಿ ಓದುತ್ತಿದ್ದಾಳೆ. ಹಳ್ಳಿಯಲ್ಲಿ ದುಡಿದವರಿಗೆ ಪ್ರೋತ್ಸಾಹಕ ಅಂಕ ಕೊಡುವುದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ ಎಂದು ಅವಳ ಸಹೋದ್ಯೋಗಿಗಳು ಹೇಳುತ್ತಾರೆ. ಗ್ರಾಮೀಣ ಕೃಪಾಂಕವನ್ನು ಅದೇ ಕೋರ್ಟ್ ಒಪ್ಪಿಲ್ಲವೆಂದು ಶಿಕ್ಷಕರ ನೇಮಕಾತಿಗೆ ಅರ್ಜಿ ಹಾಕಿದ್ದ ನನ್ನ ತಮ್ಮ ವಾದಿಸುತ್ತಾನೆ. ಎರಡೂ ನಿಜವಾಗಿರಲು ಹೇಗೆ ಸಾಧ್ಯ?

ಉತ್ತರ: ಬೆಳಗಾವಿಯ ವಕೀಲ

ಇಬ್ಬರ ಮಾತೂ ನಿಜ. ರಾಜಸ್ಥಾನದಲ್ಲಿ ಶಿಕ್ಷಕರ ನೇಮಕಾತಿಯ ವೇಳೆ ಆಯಾ ಜಿಲ್ಲೆಯ ನಿವಾಸಿಗಳಿಗೆ 10, ಅಲ್ಲಿನ ಗ್ರಾಮೀಣ ಪ್ರದೇಶದ ನಿವಾಸಿಗಳಿಗೆ ಇನ್ನೂ 5 ಹೆಚ್ಚುವರಿ ಅಂಕಗಳನ್ನು ಕೊಡಲಾಗಿತ್ತು. ಕೈಲಾಶ್ ಚಂದ್ ಶರ್ಮಾ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಅಸಿಂಧುಗೊಳಿಸಿತು. ಅಭ್ಯರ್ಥಿ ಎಲ್ಲಿ ವಾಸಿಸುತ್ತಾನೆ ಎಂಬುದು ಅವನು ಎಷ್ಟು ಚೆನ್ನಾಗಿ ಪಾಠ ಮಾಡುತ್ತಾನೆ ಎಂಬುದಕ್ಕೆ ಸಾಕ್ಷಿಯಾಗದು. ಮೇಲಾಗಿ ಸರ್ಕಾರಿ ಉದ್ಯೋಗದಲ್ಲಿ ಜನ್ಮಸ್ಥಳ, ವಾಸಸ್ಥಳಗಳ ಆಧಾರದಲ್ಲಿ ಭೇದ ಮಾಡುವುದನ್ನು ಸಂವಿಧಾನದ 16(2)ನೇ ವಿಧಿಯೇ ತಡೆಯುತ್ತದೆ.

ನಿಮ್ಮ ಮಗಳ ವಿಷಯ ಹಾಗಲ್ಲ. ಉತ್ತರ ಪ್ರದೇಶದ ದಿನೇಶ್ ಸಿಂಗ್ ಚೌಹಾಣ್ ಪ್ರಕರಣದಲ್ಲಿ, ದೂರದ ಇಲ್ಲವೇ ದುರ್ಗಮ ಪ್ರದೇಶದಲ್ಲಿ ಸಲ್ಲಿಸಿದ ಪ್ರತಿ ವರ್ಷದ ಸೇವೆಗೆ, ನೀಟ್‌ನಲ್ಲಿ ಗಳಿಸಿದ ಅಂಕದ ಶೇ. 10ರಂತೆ ಗರಿಷ್ಠ ಶೇ. 30ರವರೆಗೆ ಸೇರಿಸುವ ವೈದ್ಯಕೀಯ ಪರಿಷತ್ತಿನ ನಿಯಮವನ್ನು 2016ರಲ್ಲಿ ಕೋರ್ಟ್ ಒಪ್ಪಿಕೊಂಡಿತು. ಅಂದರೆ 400 ಅಂಕ ಪಡೆದವರಿಗೆ ಎರಡು ವರ್ಷದ ಸೇವೆಯಿಂದ 80 ಅಂಕ. ಇಲ್ಲಿ ಅಂಕ ಸಿಗುವುದು ಹುಟ್ಟಿದ ಊರಿಗಲ್ಲ, ಯಾರೂ ಹೋಗಲೊಲ್ಲದ ಕಡೆ ಮಾಡಿದ ಕೆಲಸಕ್ಕೆ. ಆದರೆ ಅದು 2000ದ ನಿಯಮಾವಳಿ. 2023ರ ಕೊನೆಗೆ ಹೊಸದು ಬಂದಿರುವುದರಿಂದ, ಈ ಸಲದ ಪ್ರವೇಶ ಪ್ರಕಟಣೆಯನ್ನು ಓದದೆ ಲೆಕ್ಕ ಹಾಕಬೇಡಿ.

ಉತ್ತರ: ವಿಜಯಪುರದ ನಿವೃತ್ತ ಶಿಕ್ಷಕಿ

ವಾಸಸ್ಥಳದ ಆಧಾರವೇ ತಪ್ಪಾದರೆ, ನಮ್ಮ ಪಕ್ಕದ ಕಲಬುರಗಿಯವರಿಗೆ ಉದ್ಯೋಗದಲ್ಲಿ ಸ್ಥಳೀಯ ಮೀಸಲಾತಿ ಹೇಗೆ ನಡೆಯುತ್ತಿದೆ? ಇಂಡಿಯ ಹುಡುಗನಿಗೆ ಇಲ್ಲದ್ದು ಗಡಿಯಾಚೆ ಅಫಜಲಪುರದವನಿಗೆ ಇದೆ; ಬಿಸಿಲು ಮಾತ್ರ ಇಬ್ಬರಿಗೂ ಒಂದೇ.

ಉತ್ತರ: ಬೆಳಗಾವಿಯ ವಕೀಲ

ಅದು 98ನೇ ತಿದ್ದುಪಡಿಯ ಮೂಲಕ ಸಂವಿಧಾನದೊಳಗೇ ಸೇರಿದ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿಯ ಫಲ. ಸಂವಿಧಾನವೇ ಕೊಟ್ಟಿದ್ದನ್ನು ರಾಜ್ಯವೊಂದು ಸುತ್ತೋಲೆಯಿಂದ ಕೊಟ್ಟಿದ್ದರ ಜೊತೆ ಹೋಲಿಸಲಾಗದು. ಕುಟುಂಬದಲ್ಲಿ ಸರ್ಕಾರಿ ನೌಕರರಿಲ್ಲದಂಥವರಿಗೆ ಹರಿಯಾಣ ಕೊಡುತ್ತಿದ್ದ ಹೆಚ್ಚುವರಿ ಅಂಕವನ್ನು ಅಲ್ಲಿನ ಹೈಕೋರ್ಟ್ 2024ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಮರುತಿಂಗಳು ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ನಿಮ್ಮ ಬೇಸರ ನನಗೂ ಇದೆ, ಆದರೆ ಅದಕ್ಕೆ ಕೋರ್ಟಿನಲ್ಲಿ ಮದ್ದಿಲ್ಲ.

ಮರುಪ್ರಶ್ನೆ: ಹುನಗುಂದದವ

ಮಗಳ ಅಂಕವನ್ನು ಸೇರಿಸದೆ ಪಟ್ಟಿ ಪ್ರಕಟಿಸಿದರೆ ಎಲ್ಲಿಗೆ ಹೋಗಬೇಕು? ತಮ್ಮನೂ ಬೆಳಗಾವಿಗೇ ಬರಬೇಕೇ?

ಉತ್ತರ: ಬೆಳಗಾವಿಯ ವಕೀಲ

ತಮ್ಮನದು ರಾಜ್ಯ ಸರ್ಕಾರದ ನೇಮಕಾತಿಯ ತಕರಾರಾದ್ದರಿಂದ ಮೊದಲು ಕರ್ನಾಟಕ ಆಡಳಿತ ನ್ಯಾಯಮಂಡಳಿ. ಅದರ ಪೀಠ ಬೆಳಗಾವಿಯಲ್ಲಿದೆ. ಮಗಳದು ಕಾಲೇಜು ಪ್ರವೇಶದ ತಕರಾರು. ಬಾಗಲಕೋಟೆ ಜಿಲ್ಲೆಯವರಾದ ನೀವು ಹೈಕೋರ್ಟಿನ ಧಾರವಾಡ ಪೀಠಕ್ಕೆ ರಿಟ್ ಅರ್ಜಿ ಸಲ್ಲಿಸಬೇಕು. ವಿಜಯಪುರದವರಿಗಾದರೆ ಕಲಬುರಗಿ ಪೀಠ.

ತಡಮಾಡಬೇಡಿ. ಕೌನ್ಸೆಲಿಂಗ್ ಮುಗಿದು ಸೀಟುಗಳು ತುಂಬಿದ ಮೇಲೆ, ನ್ಯಾಯ ನಿಮ್ಮ ಕಡೆಗಿದ್ದರೂ ಸೀಟು ಕೊಡಿಸುವುದು ಕಷ್ಟ. ಅವಳ ಆರೋಗ್ಯ ಕೇಂದ್ರವಿರುವ ಊರನ್ನು ಸರ್ಕಾರ ದೂರದ ಅಥವಾ ದುರ್ಗಮ ಪ್ರದೇಶವೆಂದು ಅಧಿಸೂಚಿಸಿದೆಯೇ ಎಂಬುದನ್ನು ಇಂದೇ ನೋಡಿ. ಹಳ್ಳಿಯಾದ ಮಾತ್ರಕ್ಕೆ ಅಂಕ ಬರುವುದಿಲ್ಲ; ಬಹುತೇಕ ಅರ್ಜಿಗಳು ಎಡವುವುದು ಅಲ್ಲಿಯೇ. ಸೇವಾ ಪ್ರಮಾಣಪತ್ರದಲ್ಲಿ ಸೇರಿದ ದಿನ, ನಿಯೋಜನೆಯ ಮೇಲೆ ಬೇರೆಡೆ ಕಳೆದ ದಿನಗಳು ಎಲ್ಲವೂ ನಮೂದಾಗಿರಲಿ.