ವೈವಿಧ್ಯದ ಕಡ್ಡಾಯ ಪತ್ರಿಕೆ: ಬಿಕಾಂ ಕ್ಲಾಸಿಗೆ ಹೇಗೆ ರೂಪಿಸೋದು?

ಜಯನಗರ_ಉಪನ್ಯಾಸಕಿ:
ಬಿಕಾಂ ಮೊದಲ ಸೆಮಿಸ್ಟರ್‌ಗೆ ಸಾಮಾಜಿಕ ವೈವಿಧ್ಯದ ಕಡ್ಡಾಯ ಪತ್ರಿಕೆ. ವಾರಕ್ಕೆ 2 ಗಂಟೆ, 15 ವಾರ, ಸೆಕ್ಷನ್‌ನಲ್ಲಿ 60 ಮಕ್ಕಳು, ಬೆಂಚುಗಳನ್ನ ನೆಲಕ್ಕೆ ಬೋಲ್ಟ್ ಹೊಡೆದು ಕೂರಿಸಿದೆ. ಕರಡಿನಲ್ಲಿ ವಾರಕ್ಕೊಂದು ಸಮುದಾಯ: ಹಬ್ಬ, ಉಡುಗೆ, ಊಟ. ಇಂಟರ್ನಲ್ 20 ಅಂಕ. ಎಲ್ಲಿ ಕೈಕೊಡಬಹುದು?

ಪಠ್ಯಮಂಡಳಿ_ಹಳಬ:
ಮೇಡಂ, ವಾರಕ್ಕೊಂದು ಸಮುದಾಯ ಅಂದ್ರೆ ಗಣರಾಜ್ಯೋತ್ಸವದ ಸ್ತಬ್ಧಚಿತ್ರ ಆಗಿಬಿಡುತ್ತೆ. ಎಲ್ಲರೂ ಚೆಂದ, ಯಾರಿಗೂ ಯಾರ ಜೊತೆಗೂ ತಕರಾರಿಲ್ಲ. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ 1991ರಿಂದ ಇಂಥ ಕೋರ್ಸ್ ಪದವಿಗೆ ಕಡ್ಡಾಯ. ಅಲ್ಲಿನ ಷರತ್ತು ನೋಡಿ: ಗುರುತಿಸಿದ ಐದು ಜನಾಂಗೀಯ ಗುಂಪುಗಳಲ್ಲಿ ಕನಿಷ್ಠ ಮೂರನ್ನು ಒಟ್ಟಿಗಿಟ್ಟು ಹೋಲಿಸಬೇಕು. ಬೇರೆ ಬೇರೆ ವಿಭಾಗದವರು ತಂತಮ್ಮ ವಿಷಯದೊಳಗೇ ಕಲಿಸ್ತಾರೆ. ಅವರ ಗುಂಪುಗಳು ನಮಗೆ ಬೇಡ, ಹೋಲಿಕೆಯ ಷರತ್ತು ಸಾಕು. ನಮ್ಮೂರಲ್ಲಿ ಗೇಟಿಗೆ ನೇತುಹಾಕೋ ಟು-ಲೆಟ್ ಬೋರ್ಡಿಗಿಂತ ಒಳ್ಳೆ ಪಠ್ಯ ಬೇಕಾ? ‘ಸಸ್ಯಾಹಾರಿಗಳಿಗೆ ಮಾತ್ರ’, ‘ಫ್ಯಾಮಿಲಿಗೆ ಮಾತ್ರ’, ‘ಎರಡನೇ ಮಹಡಿ, ಲಿಫ್ಟ್ ಇಲ್ಲ’. ಬಾಗಿಲು ಮುಚ್ಚೋ ರೀತಿ ಮೂರೂ ಬೇರೆ. ಬಿಕಾಂ ಮಕ್ಕಳಿಗೆ ಬಾಡಿಗೆ, ಅಡ್ವಾನ್ಸ್ ಲೆಕ್ಕವೂ ಸೇರಿಸಬಹುದು.

ಗುಂಪುಪಾಠ:
ಆ ಮೂರು ಬೋರ್ಡಿಗೆ ಮೂರು ಹಾಳೆ ಮಾಡಿ ಜಿಗ್ಸಾ ಕ್ರಮದಲ್ಲಿ ನಡೆಸಿ, ಅಂದ್ರೆ ಪಾಠವನ್ನ ತುಂಡು ಮಾಡಿ ಹಂಚಿ, ಮಕ್ಕಳೇ ಒಬ್ಬರಿಗೊಬ್ಬರು ಕಲಿಸೋದು. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್ ಶಾಲೆಗಳಲ್ಲಿ ಕಪ್ಪು, ಬಿಳಿ, ಹಿಸ್ಪಾನಿಕ್ ಮಕ್ಕಳನ್ನು ಒಂದೇ ಕ್ಲಾಸಿಗೆ ಸೇರಿಸಿದಾಗ ಹುಟ್ಟಿದ್ದು ಇದು. ಆರು ಜನರ ಹತ್ತು ಗುಂಪು. ಒಂದೊಂದು ಹಾಳೆ ಇಬ್ಬರ ಕೈಲಿ. ಒಬ್ಬರ ಕೈಲೇ ಕೊಟ್ಟು ಅವರು ಗೈರಾದ್ರೆ ಗುಂಪಿಗೆ ಆ ಭಾಗವೇ ಇಲ್ಲ. 10 ನಿಮಿಷ ಓದು. ಒಂದೇ ಹಾಳೆಯವರು 20 ಜನ ಆಗ್ತಾರೆ, ಐದೈದು ಮಾಡಿ 15 ನಿಮಿಷ ಮಾತಾಡಿಸಿ. ಆಮೇಲೆ ಮೂಲ ಗುಂಪಿಗೆ ವಾಪಸ್, ತಂತಮ್ಮ ಹಾಳೆಯನ್ನ ಉಳಿದವರಿಗೆ ಹೇಳಿಕೊಡೋಕೆ 20 ನಿಮಿಷ. ಕೊನೆಗೆ 10 ನಿಮಿಷದ ಕ್ವಿಜ್, ಒಬ್ಬೊಬ್ಬರೇ. ಓಡಾಟಕ್ಕೆ 5 ನಿಮಿಷ ಹೋಗೇ ಹೋಗುತ್ತೆ. ಮುಂದಿನ ಬೆಂಚಿನ ಮೂವರು ಹಿಂದಕ್ಕೆ ತಿರುಗಿ ಕೂತರೆ ಬೋಲ್ಟ್ ಅಡ್ಡಿಯಾಗಲ್ಲ.

ಗುಂಪಿಗೆ 1ರಿಂದ 6 ಅಂತ ಸಾಲಾಗಿ ಹಾಕಬೇಡಿ. ರೋಲ್ ನಂಬರನ್ನ ಭಾಷಾ ವಿಷಯದ ಪ್ರಕಾರ ಕೊಟ್ಟಿದ್ರೆ ಕನ್ನಡದವರು ಒಂದು ಕಡೆ, ಹಿಂದಿಯವರು ಒಂದು ಕಡೆ ಗುಡ್ಡೆ ಬೀಳ್ತಾರೆ. 1, 11, 21, 31, 41, 51 ಹೀಗೆ ತೆಗೀರಿ.

ಕಾನೂನು_ಮೇಷ್ಟ್ರು:
ಒಂದು ಎಚ್ಚರಿಕೆ. ‘ಧರ್ಮ, ಜಾತಿ ನೋಡಿ ಭೇದ ಮಾಡಬಾರದು ಅನ್ನೋ ಸಂವಿಧಾನದ 15ನೇ ವಿಧಿ ಇದೆ, ಓನರ್ ಹೀಗೆ ಬೋರ್ಡ್ ಹಾಕಂಗಿಲ್ಲ’ ಅಂತ ಬರೆಯೋರು ಇದ್ದೇ ಇರ್ತಾರೆ. 15(1) ಕಟ್ಟಿಹಾಕೋದು ಸರ್ಕಾರವನ್ನ. 15(2) ಖಾಸಗಿಯವರನ್ನೂ ಮುಟ್ಟುತ್ತೆ, ಆದ್ರೆ ಅದರಲ್ಲಿರೋದು ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಇಂಥವು. ಬಾಡಿಗೆ ಮನೆ ಅನ್ನೋ ಪದ ಅಲ್ಲಿಲ್ಲ. ಈ ಸಂದಿಯಲ್ಲೇ ಒಂದು ಇಡೀ ಕ್ಲಾಸ್ ನಡೆಸಬಹುದು.

‘ನಿಮ್ಮ ಜಾತಿಯಲ್ಲಿ ಹೇಗೆ?’ ಅಂತ ಯಾರನ್ನೂ ಎಬ್ಬಿಸಿ ಕೇಳಬೇಡಿ. ‘ನನ್ನ ಅನಿಸಿಕೆ’ ಪ್ರಬಂಧಕ್ಕೂ ಅಂಕ ಬೇಡ, ಮೇಡಂಗೆ ಏನು ಬೇಕೋ ಅದನ್ನೇ ಬರೀತಾರೆ. ಇಂಟರ್ನಲ್‌ನ 20ರಲ್ಲಿ, ಮಕ್ಕಳೇ ತೆಗೆದು ತಂದ ಮೂರು ಬೋರ್ಡ್ ಫೋಟೊಗೆ 6 ಅಂಕ, ಹೋಲಿಕೆಗೆ 8, ಎದುರು ವಾದವನ್ನ ನ್ಯಾಯವಾಗಿ ಬರೆದದ್ದಕ್ಕೆ 6. ಫೋಟೊದಲ್ಲಿ ಓನರ್ ಫೋನ್ ನಂಬರ್, ಮನೆ ನಂಬರ್ ಅಳಿಸದಿದ್ರೆ ವಾಪಸ್ ಕೊಡಿ.